ಸೌಟಿನ ಹಿಡಿ ಮತ್ತು ಪಾತ್ರೆಯೊಳಗಿನ ಹೊತ್ತು: ಪ್ರಯಾಣದ ಬಫೆ ಊಟದಲ್ಲಿ ಯಾವುದಕ್ಕೆ ಹೆದರಬೇಕು?

ಕಾಸರಗೋಡಿನ ಕನ್ನಡಿಗರ ಬದುಕಿನಲ್ಲಿ ಪ್ರಯಾಣವು ವಿಲಾಸಕ್ಕಿಂತ ಹೆಚ್ಚಾಗಿ ಅಗತ್ಯ. ದೊಡ್ಡ ಆಸ್ಪತ್ರೆಗೂ ಕಾಲೇಜಿಗೂ ಮದುವೆಯ ಜವಳಿಗೂ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗಬೇಕು. ಸರ್ಕಾರಿ ಕಡತ ಅಲುಗಾಡಬೇಕಾದರೆ ರಾಜ್ಯದ ಇನ್ನೊಂದು ತುದಿಯಲ್ಲಿರುವ ತಿರುವನಂತಪುರಕ್ಕೆ ರೈಲು ಹತ್ತಬೇಕು. ಹರಕೆಗೆ ಧರ್ಮಸ್ಥಳ, ಕೊಲ್ಲೂರು, ತಿರುಪತಿ. ಮಕ್ಕಳ ರಜೆಗೆ ಕೊಡಗು, ವಯನಾಡು, ಊಟಿ. ಒಂದು ತಲೆಮಾರಿನ ಹಿಂದೆ ಈ ಪ್ರಯಾಣಗಳಲ್ಲಿ ಬುತ್ತಿ ಜೊತೆಗಿರುತ್ತಿತ್ತು, ಇಲ್ಲವೇ ಗುರುತಿನ ಹೋಟೆಲಿನಲ್ಲಿ ಕುಳಿತು ಬಡಿಸಿಕೊಂಡು ಉಣ್ಣುವ ಊಟವಿರುತ್ತಿತ್ತು. ಈಗ ಲಾಡ್ಜು, ರೆಸಾರ್ಟುಗಳ ಬಾಡಿಗೆಯಲ್ಲೇ ಬೆಳಗಿನ ಬಫೆ ಸೇರಿರುತ್ತದೆ, ಟೂರಿಸ್ಟ್ ಬಸ್ಸು ಮಧ್ಯಾಹ್ನ ನಿಲ್ಲುವುದೂ ಬಫೆ ಇರುವಲ್ಲಿಯೇ, ಮದುವೆಗೆ ಹೋದರೂ ಪಂಕ್ತಿಯ ಪಕ್ಕದಲ್ಲೇ ಬಫೆಯ ಸಾಲು ಕಾಣುತ್ತದೆ.

ಈ ಸಾಲಿನಲ್ಲಿ ನಿಂತವರ ಮನಸ್ಸಿನಲ್ಲಿ ಅಳುಕೊಂದಿದೆ: ಈ ಸೌಟನ್ನು ಎಷ್ಟು ಜನ ಮುಟ್ಟಿದ್ದಾರೋ, ಯಾರ ಕೈ ಹೇಗಿತ್ತೋ. ಕೋವಿಡ್ ಬಂದು ಹೋದ ಮೇಲೆ ಈ ಅಳುಕು ಹೆಚ್ಚಾಗಿದೆ. ಸೌಟಿನ ಹಿಡಿಗೆ ಕಾಗದದ ಕರವಸ್ತ್ರ ಸುತ್ತಿ ಹಿಡಿಯುವವರು, ಸ್ಯಾನಿಟೈಸರ್ ಬಾಟಲಿ ಜೇಬಿನಲ್ಲಿಟ್ಟುಕೊಂಡೇ ತಟ್ಟೆ ತೆಗೆದುಕೊಳ್ಳುವವರು ಈಗ ಅಪರೂಪವಲ್ಲ. ಈ ಭಯಕ್ಕೆ ಆಧಾರವಿದೆ. ಆದರೆ ಬಫೆಯಲ್ಲಿ ಅಪಾಯ ಎರಡು ಬೇರೆ ಬೇರೆ ದಾರಿಗಳಿಂದ ಬರುತ್ತದೆ: ಒಂದು, ಮನುಷ್ಯರ ಕೈಯಿಂದ, ಇನ್ನೊಂದು, ಬೇಯಿಸಿದ ಆಹಾರ ಸರಿಯಾದ ಬಿಸಿಯಿಲ್ಲದೆ ನಿಂತ ಹೊತ್ತಿನಿಂದ. ಮೊದಲನೆಯದು ಕಣ್ಣಿಗೆ ಕಾಣುವುದರಿಂದ ನಮ್ಮ ಎಚ್ಚರವೆಲ್ಲ ಅಲ್ಲೇ ಖರ್ಚಾಗುತ್ತದೆ. ಎರಡನೆಯದನ್ನು ಬಹುಮಟ್ಟಿಗೆ ಯಾರೂ ಕೇಳುವುದಿಲ್ಲ, ಹೋಟೆಲಿನವರೂ ಹೇಳುವುದಿಲ್ಲ. ಕೈಯ ವಿಚಾರದಲ್ಲಿಯೂ ನಾವು ಹೆದರುವ ಕೈ ಒಂದು, ಹೆಚ್ಚು ಅಪಾಯಕಾರಿಯಾದ ಕೈ ಇನ್ನೊಂದು.

ಮೊದಲು ಗ್ರಾಹಕರ ಕೈಯನ್ನೇ ನೋಡೋಣ. 2020ರ ಮೇ ತಿಂಗಳಲ್ಲಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ತಜ್ಞರೊಡನೆ ಒಂದು ಪ್ರಯೋಗವನ್ನು ಮಾಡಿ ತೋರಿಸಿತು. ಹತ್ತು ಮಂದಿಯನ್ನು ಬಫೆ ಊಟಕ್ಕೆ ಕರೆದು, ಅವರಲ್ಲಿ ಒಬ್ಬರ ಅಂಗೈಗೆ ಮಾತ್ರ, ಕೆಮ್ಮುವಾಗ ಬಾಯಿಗೆ ಕೈ ಅಡ್ಡ ಹಿಡಿದವರ ಅಂಗೈಯೆಂಬಂತೆ, ಕತ್ತಲೆಯಲ್ಲಿ ಹೊಳೆಯುವ ಬಣ್ಣ ಹಚ್ಚಲಾಯಿತು. ಅರ್ಧ ಗಂಟೆಯ ಊಟದ ಬಳಿಕ ವಿಶೇಷ ದೀಪದಡಿ ನೋಡಿದಾಗ ಬಣ್ಣ ಎಲ್ಲರಿಗೂ ತಗುಲಿತ್ತು, ಮೂವರ ಮುಖಕ್ಕೂ ಏರಿತ್ತು. ಅದು ದಾಟಿ ಬಂದ ದಾರಿ ಇಕ್ಕಳಗಳ ಹಿಡಿ, ಪಾತ್ರೆಗಳ ಮುಚ್ಚಳ, ಪಾನೀಯದ ಹೂಜಿ. ಬಡಿಸಲು ಸಿಬ್ಬಂದಿಯನ್ನು ನಿಲ್ಲಿಸಿ, ಇಕ್ಕಳಗಳನ್ನು ಆಗಾಗ ಬದಲಿಸಿ, ಕೈ ತೊಳೆಯುವುದನ್ನು ಹೆಚ್ಚಿಸಿ ಅದೇ ಊಟವನ್ನು ಮತ್ತೆ ನಡೆಸಿದಾಗ ಹರಡುವಿಕೆ ತೀರ ಕಡಿಮೆಯಾಯಿತು. ಬಣ್ಣ ತಗುಲಿದ ಮಾತ್ರಕ್ಕೆ ರೋಗ ತಗುಲಿದಂತಲ್ಲ; ಕೋವಿಡ್ ವೈರಾಣು ಆಹಾರದ ಮೂಲಕ ಹರಡುತ್ತದೆ ಎಂಬುದಕ್ಕಂತೂ ಪುರಾವೆ ಸಿಗಲಿಲ್ಲ. ಆದರೆ ಹೊಟ್ಟೆಯ ರೋಗಗಳ ಲೆಕ್ಕ ಬೇರೆ. ವಾಂತಿ ಭೇದಿ ತರುವ ನೊರೊವೈರಸ್ ನೂರಕ್ಕಿಂತ ಕಡಿಮೆ ಕಣಗಳು ಒಳಹೊಕ್ಕರೂ ಕಾಯಿಲೆ ತರಬಲ್ಲದು. ರಕ್ತಭೇದಿ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾಕ್ಕೂ ಹತ್ತರಿಂದ ನೂರು ಜೀವಕೋಶಗಳು ಸಾಕು. ಇವೆರಡೂ ನಮಗೆ ದೂರದ ಹೆಸರುಗಳೇನಲ್ಲ. 2020ರ ಡಿಸೆಂಬರಿನಲ್ಲಿ ಕೋಯಿಕ್ಕೋಡಿನಲ್ಲಿ ಶಿಗೆಲ್ಲಾ ಹರಡಿತ್ತು. 2021ರಲ್ಲಿ ವಯನಾಡಿನ ಪೂಕ್ಕೋಡಿನ ಪಶುವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಲ್ಲಿ ನೊರೊವೈರಸ್ ಕಾಣಿಸಿಕೊಂಡಿತ್ತು.

ಇಲ್ಲಿ ನಮ್ಮ ಊಟದ ಕ್ರಮಕ್ಕೆ ಸಂಬಂಧಿಸಿದ ಮಾತೊಂದಿದೆ. ಚಮಚ, ಮುಳ್ಳುಚಮಚಗಳಲ್ಲಿ ಉಣ್ಣುವ ದೇಶಗಳಿಗಾಗಿ ಬರೆದ ಸಲಹೆಗಳಲ್ಲಿ ಅದು ಸಿಗುವುದಿಲ್ಲ. ಪಂಕ್ತಿಯ ಊಟದಲ್ಲಿ ಕೈ ತೊಳೆದು ಬಂದು ಎಲೆಯ ಮುಂದೆ ಕುಳಿತವನು ಆ ಮೇಲೆ ಎಲೆಯನ್ನಲ್ಲದೆ ಬೇರೆ ಏನನ್ನೂ ಮುಟ್ಟುವುದಿಲ್ಲ. ಸಾರಿನ ಸೌಟು, ಪಾಯಸದ ಸೌಟು ಎಲ್ಲವೂ ಬಡಿಸುವವರ ಕೈಯಲ್ಲಿರುತ್ತವೆ. ಬಫೆಯಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಬಾಗಿಲ ಬಳಿಯ ತೊಟ್ಟಿಯಲ್ಲಿ ಕೈ ತೊಳೆದವನು ತಟ್ಟೆ ಹಿಡಿದು, ಹತ್ತು ಹದಿನೈದು ಸೌಟುಗಳ ಹಿಡಿಗಳನ್ನು ಮುಟ್ಟಿ, ಮುಚ್ಚಳಗಳನ್ನು ಎತ್ತಿ, ಕುರ್ಚಿಯನ್ನು ಎಳೆದುಕೊಂಡು ಕುಳಿತು, ಅದೇ ಬಲಗೈಯಿಂದ ಅನ್ನ ಕಲಸುತ್ತಾನೆ. ತೊಳೆದದ್ದು ಯಾವುದಕ್ಕಾಗಿಯೋ ಆ ಉದ್ದೇಶವೇ ಮಧ್ಯದಲ್ಲಿ ಕಳೆದುಹೋಗಿರುತ್ತದೆ. ಇದಕ್ಕೆ ಪರಿಹಾರ ಸುಲಭ, ಖರ್ಚಿಲ್ಲದ್ದು: ತಟ್ಟೆ ತುಂಬಿಸಿಕೊಂಡು ಮೇಜಿನ ಮೇಲಿಟ್ಟ ಬಳಿಕ ಸಾಬೂನು ಹಾಕಿ ಇಪ್ಪತ್ತು ಸೆಕೆಂಡು ಕೈ ತೊಳೆಯಬೇಕು. ಅದಾಗದಿದ್ದರೆ ತಟ್ಟೆಯನ್ನು ಬಲಗೈಯಲ್ಲಿ ಹಿಡಿದು ಎಡಗೈಯಿಂದ ಬಡಿಸಿಕೊಳ್ಳಬೇಕು. ಊಟದ ನಡುವೆ ತಾನೇ ಬಡಿಸಿಕೊಳ್ಳಬೇಕಾದಾಗ ಎಡಗೈ ಬಳಸುವುದು ನಮ್ಮ ಮನೆಗಳಲ್ಲಿ ರೂಢಿಯಲ್ಲಿರುವ ಕ್ರಮವೇ. ಅದನ್ನು ಬಫೆಯಲ್ಲಿ ಮೊದಲ ಸುತ್ತಿನಿಂದಲೇ ಪಾಲಿಸಿದರಾಯಿತು. ಜೇಬಿನ ಸ್ಯಾನಿಟೈಸರ್ ಬೇರೆ ಅನೇಕ ರೋಗಾಣುಗಳಿಗೆ ಉಪಯುಕ್ತವಾದರೂ ನೊರೊವೈರಸ್ ವಿಚಾರದಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಆ ವೈರಸ್ಸಿಗೆ ಮದ್ಯಸಾರ ಅಷ್ಟಾಗಿ ತಾಗುವುದಿಲ್ಲ, ಸಾಬೂನು ನೀರಿನಲ್ಲಿ ತೊಳೆದು ಹೋಗಬೇಕು.

ಎರಡನೇ ಸಲ ಹಾಕಿಸಿಕೊಳ್ಳಲು ಹೋಗುವಾಗ ಉಂಡ ತಟ್ಟೆಯನ್ನೇ ಒಯ್ಯುವುದು ನಮ್ಮಲ್ಲಿ ಸಾಮಾನ್ಯ. ಎಂಜಲಿನ ವಿಚಾರದಲ್ಲಿ ಇಷ್ಟು ಸೂಕ್ಷ್ಮವಾದ ಸಮಾಜ ಇದನ್ನು ಒಪ್ಪಿಕೊಂಡಿರುವುದು ನನಗೆ ಆಶ್ಚರ್ಯದ ಸಂಗತಿ, ಏಕೆಂದರೆ ಉಂಡ ತಟ್ಟೆಯ ಅಂಚಿಗೆ ತಗುಲಿದ ಸೌಟು ಮರಳಿ ಪಾತ್ರೆಯೊಳಗೇ ಇಳಿಯುತ್ತದೆ. ಅಮೆರಿಕದ ಆಹಾರ ನಿಯಮಗಳು ಬಫೆಯಲ್ಲಿ ಮರುಸುತ್ತಿಗೆ ಉಂಡ ತಟ್ಟೆ ಬಳಸುವುದನ್ನು ತಡೆಯುತ್ತವೆ, ಹೊಸ ತಟ್ಟೆ ಕೊಡಬೇಕೆನ್ನುತ್ತವೆ. ಆಹಾರದ ಮೇಲೆ ಬಾಗಿಕೊಂಡಿರುವ ಗಾಜಿನ ತಡೆಯೂ ಅಲ್ಲಿಂದಲೇ ಬಂದದ್ದು. ಜಾನಿ ಗಾರ್ನೊ ಎಂಬ ಹೋಟೆಲು ಉದ್ಯಮಿ 1959ರಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದರು. ನಮ್ಮ ಕಡೆಯ ಅನೇಕ ಬಫೆ ಮೇಜುಗಳಲ್ಲಿ ಆ ಗಾಜೂ ಇಲ್ಲ, ತಟ್ಟೆಗಳೂ ತೊಳೆದ ನೀರು ಆರುವ ಮೊದಲೇ ಒಂದರ ಮೇಲೊಂದು ಪೇರಿಸಲ್ಪಟ್ಟಿರುತ್ತವೆ. ಆ ಒದ್ದೆಯನ್ನು ಒರೆಸುವ ಬಟ್ಟೆ ದಿನವಿಡೀ ಒಂದೇ ಆಗಿದ್ದರೆ ಒರೆಸದಿರುವುದೇ ಮೇಲು.

ಇಷ್ಟು ಕೈಯ ಮಾತಾಯಿತು. ಪಾತ್ರೆಯೊಳಗೆ ನಡೆಯುವುದು ಇದಕ್ಕಿಂತ ಗಂಭೀರವಾದದ್ದು.

ಬೇಯಿಸಿದ ಆಹಾರದಲ್ಲಿ ರೋಗಾಣುಗಳೆಲ್ಲ ಸತ್ತಿರುತ್ತವೆ ಎಂಬ ನಂಬಿಕೆ ಅರ್ಧ ಸತ್ಯ. ಅನ್ನಕ್ಕೆ ಅಕ್ಕಿಯ ಜೊತೆಯಲ್ಲೇ ಬರುವ ಬ್ಯಾಸಿಲಸ್ ಸೀರಿಯಸ್, ಮಾಂಸ ಮತ್ತು ಗಸಿಗಳಲ್ಲಿ ಕಾಣುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾಗಳು ಬೀಜಕಗಳ ರೂಪದಲ್ಲಿ ಕುದಿತವನ್ನೂ ತಾಳಿಕೊಂಡು ಉಳಿಯುತ್ತವೆ. ಆಹಾರ ಕುದಿಯುತ್ತಿರುವಷ್ಟು ಹೊತ್ತು ಅವು ಸುಮ್ಮನಿರುತ್ತವೆ. ಬಿಸಿ ಇಳಿದು ಉಗುರುಬೆಚ್ಚಗಾದಾಗ ಮೊಳೆತು, ಪೈಪೋಟಿಗೆ ಬೇರೆ ಯಾವ ಸೂಕ್ಷ್ಮಜೀವಿಯೂ ಉಳಿದಿಲ್ಲದ ಆ ಪಾತ್ರೆಯಲ್ಲಿ ಬೇಗಬೇಗ ಹೆಚ್ಚುತ್ತವೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಬ್ಯಾಕ್ಟೀರಿಯಾ ಒಂದು ಸಾವಿರದಷ್ಟಿದ್ದರೆ ನಾಲ್ಕು ಗಂಟೆಗಳಲ್ಲಿ ಸುಮಾರು 41 ಲಕ್ಷವಾಗುತ್ತದೆ. ಪರ್ಫ್ರಿಂಜೆನ್ಸ್ ಅನುಕೂಲ ಸಿಕ್ಕಿದರೆ ಇದಕ್ಕೂ ವೇಗವಾಗಿ ಬೆಳೆಯುತ್ತದೆ, ಮತ್ತು ಅದಕ್ಕೆ ತುಂಬ ಹಿತವಾದ ಬಿಸಿ 43ರಿಂದ 47 ಡಿಗ್ರಿ ಸೆಲ್ಸಿಯಸ್. ಉರಿ ಆರಿದ ಬಫೆ ಪಾತ್ರೆಯಲ್ಲಿ ಕೋಳಿ ಗಸಿ ತಣಿಯುತ್ತ ಹೋಗುವಾಗ ದಾಟುವುದು ಇದೇ ಬಿಸಿಯನ್ನು. ಆ ಹೊತ್ತಿಗೆ ಗಸಿಯ ಬಣ್ಣ ಬದಲಾಗಿರುವುದಿಲ್ಲ, ವಾಸನೆ ಬಂದಿರುವುದಿಲ್ಲ, ರುಚಿಯೂ ಕೆಟ್ಟಿರುವುದಿಲ್ಲ. ಹಳಸಿದ್ದನ್ನು ಮೂಗಿನಿಂದಲೇ ಪತ್ತೆಹಚ್ಚುತ್ತೇವೆ ಎಂಬ ನಮ್ಮ ಅಡಿಗೆಮನೆಯ ಆತ್ಮವಿಶ್ವಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಆಹಾರವನ್ನು ಹಳಸುವಂತೆ ಮಾಡುವ ಜೀವಿಗಳು ಬೇರೆ, ಕಾಯಿಲೆ ತರುವ ಜೀವಿಗಳು ಬೇರೆ.

ಮತ್ತೆ ಬಿಸಿ ಮಾಡಿದರೆ ಸರಿಹೋಗುತ್ತದೆ ಎಂಬುದು ಇನ್ನೊಂದು ನಂಬಿಕೆ. ಬ್ಯಾಸಿಲಸ್ ಸೀರಿಯಸ್ ಅನ್ನದಲ್ಲಿ ಬಿಟ್ಟುಹೋಗುವ, ವಾಂತಿ ತರಿಸುವ ವಿಷವೂ, ಚರ್ಮ ಮತ್ತು ಮೂಗಿನಿಂದ ಆಹಾರಕ್ಕೆ ಸೇರುವ ಸ್ಟೆಫೈಲೊಕಾಕಸ್ ಉಂಟುಮಾಡುವ ವಿಷವೂ ಬಿಸಿಗೆ ನಾಶವಾಗುವಂಥವಲ್ಲ. ಬ್ಯಾಕ್ಟೀರಿಯಾ ಸತ್ತರೂ ವಿಷ ಉಳಿಯುತ್ತದೆ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಹುರಿದನ್ನ ತಿಂದವರು ಕೆಲವೇ ಗಂಟೆಗಳಲ್ಲಿ ವಾಂತಿ ಮಾಡಿಕೊಂಡ ಪ್ರಕರಣಗಳಿಂದಲೇ ಈ ವಿಷದ ಕಾಯಿಲೆ ವೈದ್ಯಲೋಕದ ಗಮನಕ್ಕೆ ಬಂತು. ಅಲ್ಲೆಲ್ಲ ಅನ್ನವನ್ನು ಮೊದಲೇ ಬೇಯಿಸಿ, ಹೊರಗೇ ಇಟ್ಟು, ಗಿರಾಕಿ ಬಂದಾಗ ಹುರಿದು ಕೊಡಲಾಗಿತ್ತು. ಮಧ್ಯಾಹ್ನದ ಬಫೆಯಲ್ಲಿ ಉಳಿದ ಅನ್ನ ಸಂಜೆಯ ಫ್ರೈಡ್ ರೈಸ್ ಆಗುವ ಹೋಟೆಲುಗಳಿಗೂ ಆ ಅಡಿಗೆಮನೆಗಳಿಗೂ ಈ ವಿಚಾರದಲ್ಲಿ ವ್ಯತ್ಯಾಸವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಸರಳವಾಗಿದೆ: ಬೇಯಿಸಿದ್ದನ್ನು ಬಡಿಸುವವರೆಗೆ 60 ಡಿಗ್ರಿಗಿಂತ ಮೇಲೆ ಇಡಬೇಕು, ತಣ್ಣಗಿರಬೇಕಾದ್ದನ್ನು 5 ಡಿಗ್ರಿಗಿಂತ ಕೆಳಗಿಡಬೇಕು, ಹೊರಗಿನ ಹವೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡಬಾರದು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ತಪಾಸಣಾ ಪಟ್ಟಿಯಲ್ಲಿ ಬಿಸಿ ಆಹಾರಕ್ಕೆ 65 ಡಿಗ್ರಿ ಎಂದಿದೆ. ಈ ಅಂಕಿಗಳು ಬಫೆ ಮೇಜಿನ ಮೇಲೆ ತಪ್ಪಿಹೋಗುವುದು ಹೇಗೆ ಎಂಬುದನ್ನು ಗಮನಿಸಬೇಕು. ಕೆಳಗೆ ನೀರಿನ ತಟ್ಟೆ, ಅದರಡಿ ಸಣ್ಣ ಉರಿ ಇರುವ ಆ ಹೊಳೆಯುವ ಪಾತ್ರೆ ಬಿಸಿಯಾಗಿ ಬಂದದ್ದನ್ನು ಬಿಸಿಯಾಗಿ ಉಳಿಸುವುದಕ್ಕೆ ಮಾತ್ರ ಮಾಡಿದ್ದು. ತಣಿದು ಬಂದದ್ದನ್ನು ಕಾಯಿಸುವ ಶಕ್ತಿ ಅದಕ್ಕಿಲ್ಲ. ಕೆಳಗಿನ ನೀರು ಆವಿಯಾಗಿ ಮುಗಿದಿದ್ದರೂ, ಹೊರಾಂಗಣದ ಗಾಳಿಗೆ ಉರಿ ನಂದಿದ್ದರೂ, ಪ್ರತಿಯೊಬ್ಬರೂ ಮುಚ್ಚಳವನ್ನು ತೆರೆದೇ ಬಿಟ್ಟು ಹೋದರೂ ಅದು ಬರಿಯ ಪಾತ್ರೆಯಾಗುತ್ತದೆ. ಬೇಕಲದಂಥ ಕಡಲ ತೀರದಲ್ಲಿ ಹುಲ್ಲುಹಾಸಿನ ಮೇಲೆ ಸಂಜೆಯ ಬಫೆ ಇಡುವಾಗ ಇವು ಮೂರೂ ಒಟ್ಟಿಗೆ ಆಗಬಹುದು. ಪಾತ್ರೆ ಖಾಲಿಯಾಗುತ್ತ ಬಂದಾಗ ಹೊಸತನ್ನು ಹಳೆಯದರ ಮೇಲೆ ಸುರಿಯುವುದು ಇನ್ನೂ ಕೆಟ್ಟ ಅಭ್ಯಾಸ. ಬೆಳಗ್ಗೆ ಏಳಕ್ಕೆ ಇಟ್ಟ ಉಪ್ಪಿಟ್ಟಿನ ತಳಭಾಗ ಹತ್ತೂವರೆಗೂ ಅಲ್ಲೇ ಇರುತ್ತದೆ, ಮೇಲಿನದು ಮಾತ್ರ ಹೊಸದಾಗುತ್ತ ಹೋಗುತ್ತದೆ. ಕೊನೆಗೆ ಬಂದವನಿಗೆ ಮೂರೂವರೆ ಗಂಟೆಯ ಹಳೆಯದೂ ಹತ್ತು ನಿಮಿಷದ ಹೊಸದೂ ಒಂದೇ ಸೌಟಿನಲ್ಲಿ ಸಿಗುತ್ತವೆ. ಚಿಕ್ಕ ಪಾತ್ರೆಗಳಲ್ಲಿ ಸ್ವಲ್ಪ ಸ್ವಲ್ಪವೇ ಇಟ್ಟು, ಮುಗಿದಂತೆ ಪಾತ್ರೆಯನ್ನೇ ಬದಲಿಸುವ ಹೋಟೆಲು ಹೊರನೋಟಕ್ಕೆ ಸಾಧಾರಣವಾಗಿದ್ದರೂ, ಐವತ್ತು ಬಗೆಯ ತಿನಿಸುಗಳನ್ನು ಬೆಳಗಿನಿಂದ ಒಡ್ಡಿಟ್ಟ ಹೋಟೆಲಿಗಿಂತ ನಂಬಿಕೆಗೆ ಅರ್ಹ ಎಂದು ನಾನು ಹೇಳುತ್ತೇನೆ.

ಯಾವ ತಿನಿಸು ಎಷ್ಟು ಹೊತ್ತು ತಾಳುತ್ತದೆ ಎಂಬ ತಿಳಿವಳಿಕೆ ಕರಾವಳಿಯ ಮನೆಗಳಲ್ಲಿ ಹಿಂದಿನಿಂದಲೂ ಇದೆ. ಬಫೆಯ ಮುಂದೆ ಅದನ್ನು ಮರೆಯುತ್ತೇವಷ್ಟೆ. ತೆಂಗಿನಕಾಯಿ ಚಟ್ನಿ ಮಧ್ಯಾಹ್ನ ದಾಟುವುದಿಲ್ಲವೆಂದು ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಯಾವ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ಅದು ಬೇಯಿಸದ ಪದಾರ್ಥ. ನೀರಿದೆ, ಕೊಬ್ಬಿದೆ, ಸಕ್ಕರೆಯ ಅಂಶವಿದೆ. ರುಬ್ಬುವಾಗ ಹಾಕಿದ ನೀರು ಕುದಿಸಿದ್ದೇ ಎಂಬುದು ಗೊತ್ತಿರುವುದಿಲ್ಲ. ಮೇಲೆ ಹಾಕಿದ ಒಗ್ಗರಣೆ ಪರಿಮಳ ಕೊಡುತ್ತದೆಯೇ ಹೊರತು ಒಳಗಿನದನ್ನು ಬೇಯಿಸುವುದಿಲ್ಲ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬೆಳಗಿನಿಂದ ಮೇಜಿನ ಮೇಲಿರುವ ಬಿಳಿ ಚಟ್ನಿಯ ಬಟ್ಟಲಿಗಿಂತ ಕುದಿಯುತ್ತ ಬಂದ ಸಾಂಬಾರಿನಲ್ಲಿ ಇಡ್ಲಿ ಅದ್ದಿಕೊಳ್ಳುವುದು ಕ್ಷೇಮ. ಕೊಯ್ದಿಟ್ಟ ಕಲ್ಲಂಗಡಿ, ಪಪ್ಪಾಯಿ, ಸೌತೆಕಾಯಿಗಳೂ ಇದೇ ಗುಂಪಿನವು. ಸಿಪ್ಪೆ ಸುಲಿಯದ ಬಾಳೆಹಣ್ಣು ಪಕ್ಕದಲ್ಲಿದ್ದರೆ ಅದನ್ನೇ ತೆಗೆದುಕೊಳ್ಳಬಹುದು. ಕಣ್ಣೆದುರೇ ಕಾವಲಿಯಿಂದ ತೆಗೆದು ಕೊಡುವ ದೋಸೆ, ಅಲ್ಲೇ ಮಾಡಿಕೊಡುವ ಆಮ್ಲೆಟ್ಟು ಇಡೀ ಬಫೆಯಲ್ಲಿ ಹೆಚ್ಚು ಭರವಸೆಯವು, ಆಮ್ಲೆಟ್ಟು ಒಳಗೂ ಗಟ್ಟಿಯಾಗಿ ಬೆಂದಿರಬೇಕೆಂಬುದೊಂದೇ ಷರತ್ತು. ಹಸಿ ಮೊಟ್ಟೆಯ ಮೇಯನೇಸನ್ನು ಕೇರಳ ಸರ್ಕಾರ 2023ರ ಜನವರಿಯಲ್ಲಿಯೇ ನಿಷೇಧಿಸಿತು. ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಒಂದೊಂದು ವರ್ಷದ ಮಟ್ಟಿಗೆ ಇದೇ ಕ್ರಮ ಕೈಗೊಂಡವು. ಹಾಗಿದ್ದರೂ ಬಫೆಯ ಸಲಾಡಿಗೆ ಕಲಸಿದ ಬಿಳಿಯ ಪದಾರ್ಥ ಯಾವುದರಿಂದ ಮಾಡಿದ್ದೆಂದು ಕೇಳುವುದು ತಪ್ಪಲ್ಲ. ಹುಳಿಯಾದ ಮಜ್ಜಿಗೆ, ಉಪ್ಪಿನಕಾಯಿಗಳಲ್ಲಿ ಹುಳಿ ಮತ್ತು ಉಪ್ಪು ರೋಗಾಣುಗಳ ಬೆಳವಣಿಗೆಯನ್ನು ಹಿಡಿದಿಡುತ್ತವೆ. ಹಿರಿಯರು ದೂರ ಪ್ರಯಾಣಕ್ಕೆ ಪುಳಿಯೋಗರೆ ಕಟ್ಟಿಕೊಡುತ್ತಿದ್ದದ್ದರ ಹಿಂದೆ ಹುಣಸೆಹುಳಿಯ ಈ ಗುಣದ ಅನುಭವವಿತ್ತು, ಆದರೆ ಅದಕ್ಕೂ ಮಿತಿಯುಂಟು.

ಕುಡಿಯುವುದರ ವಿಚಾರ ಚಿಕ್ಕದಾದರೂ ಬಿಡುವಂತಿಲ್ಲ. 2024ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಹೆಪಟೈಟಿಸ್ ಎ ಕಾಮಾಲೆ ಹರಡಿದಾಗ ಆರೋಗ್ಯ ಇಲಾಖೆ ಕುದಿಸಿ ಆರಿಸಿದ ನೀರನ್ನೇ ಕುಡಿಯಿರೆಂದು ಪದೇ ಪದೇ ಹೇಳಬೇಕಾಯಿತು. ಸಮಾರಂಭಗಳ ಬಾಗಿಲಲ್ಲೇ ಕೈಗಿಡುವ ಬಣ್ಣದ ತಂಪು ಪಾನೀಯದಲ್ಲಿ ನೀರೂ ಹಸಿ, ಮಂಜುಗಡ್ಡೆಯೂ ಎಲ್ಲಿಯದೋ. ಕುದಿಸಿದ ನೀರಿಗೆ ಹಸಿ ನೀರಿನ ಮಂಜುಗಡ್ಡೆ ಹಾಕಿದರೆ ಕುದಿಸಿದ್ದು ವ್ಯರ್ಥ. ಬಿಸಿ ಚಹಾ ಇದ್ದಲ್ಲಿ ತಂಪು ಪಾನೀಯವನ್ನು ಬಿಟ್ಟುಬಿಡುವುದೇ ಲೇಸು.

ಈಗ ನಾವು ನೋಡದ ಆ ಇನ್ನೊಂದು ಕೈಯ ವಿಚಾರ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಕಲುಷಿತ ಆಹಾರದಿಂದ ಉಂಟಾದ ಸಾಮೂಹಿಕ ನೊರೊವೈರಸ್ ಹರಡುವಿಕೆಗಳ ಪೈಕಿ ಸುಮಾರು 70 ಶೇಕಡದಷ್ಟಕ್ಕೆ ಕಾರಣರಾದವರು ಸೋಂಕು ತಗುಲಿದ್ದ ಅಡಿಗೆ ಮತ್ತು ಬಡಿಸುವ ಸಿಬ್ಬಂದಿ. ಅಂದರೆ ಸಾಲಿನಲ್ಲಿ ನಮ್ಮ ಮುಂದೆ ನಿಂತ ಅಪರಿಚಿತನಿಗಿಂತ, ಗೋಡೆಯ ಆಚೆ ಈರುಳ್ಳಿ ಕೊಯ್ಯುತ್ತಿರುವ ಕೈ ಹೆಚ್ಚು ಮುಖ್ಯ. ಅದು ಅಲ್ಲಿಯ ಲೆಕ್ಕವಾದರೂ, ಒಂದು ಕೈ ನೂರಾರು ತಟ್ಟೆಗಳನ್ನು ತಲುಪುವ ಅಡಿಗೆಮನೆಯ ರೀತಿ ಎಲ್ಲೆಡೆ ಒಂದೇ. ಭೇದಿಯಾಗುತ್ತಿರುವ ಮನುಷ್ಯ ಅಡಿಗೆಮನೆಗೆ ಏಕೆ ಬರುತ್ತಾನೆ? ಬಾರದಿದ್ದರೆ ಆ ದಿನದ ಕೂಲಿ ಇಲ್ಲ. ನಮ್ಮ ಸುತ್ತಲಿನ ಹೋಟೆಲುಗಳಲ್ಲಿ ಪಾತ್ರೆ ತೊಳೆಯುವುದರಿಂದ ಹಿಡಿದು ಪರೋಟ ಬೇಯಿಸುವವರೆಗೆ ದುಡಿಯುತ್ತಿರುವವರಲ್ಲಿ ಅನೇಕರು ಬಂಗಾಳ, ಅಸ್ಸಾಂ, ಒಡಿಶಾಗಳಿಂದ ಬಂದ ಅತಿಥಿ ಕಾರ್ಮಿಕರು. ಇಕ್ಕಟ್ಟಾದ ಬಾಡಿಗೆ ಕೋಣೆಗಳಲ್ಲಿ ಹಲವರು ಒಂದೇ ಶೌಚಾಲಯ ಹಂಚಿಕೊಂಡು ಬದುಕುವವರು. ಅವರನ್ನು ಕೊಳಕರೆಂದು ದೂರುವುದು ಅನ್ಯಾಯ ಮಾತ್ರವಲ್ಲ, ರೋಗದ ಕಾರಣವನ್ನು ತಪ್ಪಾಗಿ ತಿಳಿದುಕೊಂಡಂತೆ. ಸಂಬಳ ಕಡಿಯದ ಮೂರು ದಿನಗಳ ಕಾಯಿಲೆ ರಜೆಯನ್ನು ಅವರಿಗೆ ಕೊಡುವ ಮಾಲೀಕ, ಗ್ರಾಹಕರಿಗೆ ಹತ್ತು ಬಾಟಲಿ ಸ್ಯಾನಿಟೈಸರ್ ಇಡುವ ಮಾಲೀಕನಿಗಿಂತ ಹೆಚ್ಚು ಜನರ ಹೊಟ್ಟೆ ಕಾಯುತ್ತಾನೆ. ಸೋಂಕು ವಾಸಿಯಾದಂತೆ ಕಂಡ ಮೇಲೂ ನೊರೊವೈರಸ್ ಮಲದಲ್ಲಿ ಹೊರಬೀಳುತ್ತಲೇ ಇರುವುದರಿಂದ, ಭೇದಿ ನಿಂತ ಬಳಿಕ ಕನಿಷ್ಠ ಎರಡು ದಿನ ಆಹಾರ ಮುಟ್ಟುವ ಕೆಲಸಕ್ಕೆ ಹಚ್ಚಬಾರದೆಂಬುದು ವೈದ್ಯರ ಸಲಹೆ.

ಕೇರಳದಲ್ಲಿ ನಿಯಮಗಳು ಬಿಗಿಯಾದದ್ದಕ್ಕೆ ನಮ್ಮ ಜಿಲ್ಲೆಯ ಒಂದು ದುರಂತವೂ ಕಾರಣ. 2022ರ ಮೇ 1ರಂದು ಚೆರುವತ್ತೂರಿನಲ್ಲಿ ಶವರ್ಮ ತಿಂದ ಹದಿಹರೆಯದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು, ಹಲವಾರು ಮಂದಿ ಆಸ್ಪತ್ರೆ ಸೇರಿದರು. ಅಸ್ವಸ್ಥರಲ್ಲಿ ಶಿಗೆಲ್ಲಾ ಸೋಂಕು ದೃಢಪಟ್ಟಿತು. ಅದು ಬಫೆಯಲ್ಲವಾದರೂ, ಅರೆಬಿಸಿಯಲ್ಲಿ ದಿನವಿಡೀ ನಿಲ್ಲುವ ಮಾಂಸ, ಹಲವು ಕೈಗಳು, ಬೇಸಗೆಯ ಸೆಕೆ ಎಂಬ ಅಂಶಗಳು ಎರಡಕ್ಕೂ ಸಮಾನ. ಆ ಬಳಿಕ ತಪಾಸಣೆಗಳು ಹೆಚ್ಚಿದವು, ಶವರ್ಮಕ್ಕೆ ಪ್ರತ್ಯೇಕ ಮಾರ್ಗಸೂಚಿ ಬಂತು, 2023ರಿಂದ ಪಾರ್ಸಲ್ ಊಟದ ಮೇಲೆ ತಯಾರಿಸಿದ ಸಮಯ ಮತ್ತು ಎಷ್ಟು ಹೊತ್ತಿನೊಳಗೆ ತಿನ್ನಬೇಕೆಂಬುದನ್ನು ಬರೆದ ಚೀಟಿ ಕಡ್ಡಾಯವಾಯಿತು, ಆಹಾರ ಮುಟ್ಟುವ ಸಿಬ್ಬಂದಿಗೆಲ್ಲ ಟೈಫಾಯಿಡ್ ಲಸಿಕೆ ಸೇರಿದ ಆರೋಗ್ಯ ಕಾರ್ಡು ಬೇಕಾಯಿತು. ಇವು ಒಳ್ಳೆಯ ಕ್ರಮಗಳು, ಆದರೆ ಬಫೆಯ ಎದುರು ಎರಡು ಕೊರತೆಗಳು ಎದ್ದು ಕಾಣುತ್ತವೆ. ಮನೆಗೆ ಒಯ್ಯುವ ಪೊಟ್ಟಣಕ್ಕೆ ಸಮಯದ ಚೀಟಿ ಬೇಕೆನ್ನುವ ವ್ಯವಸ್ಥೆಯಲ್ಲಿ, ಅದೇ ಅಡಿಗೆಮನೆಯಿಂದ ಹೊರಟು ಬಫೆ ಮೇಜಿನ ಮೇಲೆ ನಾಲ್ಕು ಗಂಟೆ ಕೂರುವ ಪಾತ್ರೆಯ ಮೇಲೆ ಹೊತ್ತು ಬರೆದಿರುವುದನ್ನು ನಾವು ಕಾಣುವುದಿಲ್ಲ. ಹೆಸರಿನ ಫಲಕದಲ್ಲಿ ತಿನಿಸಿನ ಹೆಸರಿನ ಕೆಳಗೆ ಅದನ್ನು ಹೊರತಂದ ಗಂಟೆಯನ್ನು ಬರೆಯಲು ತಗುಲುವ ಖರ್ಚು ಏನೂ ಇಲ್ಲ. ಇನ್ನೊಂದು, ವರ್ಷಕ್ಕೊಮ್ಮೆ ಪಡೆಯುವ ಆರೋಗ್ಯ ಕಾರ್ಡು ನಿನ್ನೆ ರಾತ್ರಿ ಆರಂಭವಾದ ಭೇದಿಯನ್ನು ಹೇಳಲಾರದು. ಅದನ್ನು ಹೇಳಬಲ್ಲವನು ಕೆಲಸಗಾರ ಮಾತ್ರ, ಹೇಳಿದರೆ ಕೂಲಿ ಹೋಗುವುದಿಲ್ಲ ಎಂಬ ಧೈರ್ಯ ಅವನಿಗಿದ್ದರೆ.

ಇದಿಷ್ಟೂ ಎಲ್ಲ ಊರಿಗೂ ಅನ್ವಯಿಸುವ ಮಾತು. ಗಡಿಯವರಾದ ನಮಗೆ ಮತ್ತೊಂದು ತೊಡಕು ಸೇರಿಕೊಳ್ಳುತ್ತದೆ. ಹೊಟ್ಟೆ ಕೆಟ್ಟಾಗ ಕೊನೆಯ ಊಟವನ್ನು ದೂರುವುದು ನಮ್ಮೆಲ್ಲರ ಸ್ವಭಾವ, ಆದರೆ ರೋಗಾಣುಗಳ ಕಾಲಮಾನ ಬೇರೆ ಬೇರೆ. ಸ್ಟೆಫೈಲೊಕಾಕಸ್ ವಿಷ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ, ಅನ್ನದ ವಾಂತಿಕಾರಕ ವಿಷ ಒಂದರಿಂದ ಆರು ಗಂಟೆಯೊಳಗೆ, ಪರ್ಫ್ರಿಂಜೆನ್ಸ್ ಆರರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ, ನೊರೊವೈರಸ್ ಹನ್ನೆರಡರಿಂದ ನಲ್ವತ್ತೆಂಟು ಗಂಟೆಯೊಳಗೆ, ಸಾಲ್ಮೊನೆಲ್ಲಾ ಆರು ಗಂಟೆಯಿಂದ ಆರು ದಿನಗಳವರೆಗೆ ಯಾವಾಗಲಾದರೂ ಕಾಣಿಸಿಕೊಳ್ಳಬಹುದು. ಟೈಫಾಯಿಡ್ ವಾರಗಳನ್ನು, ಹೆಪಟೈಟಿಸ್ ಎ ಹದಿನೈದರಿಂದ ಐವತ್ತು ದಿನಗಳನ್ನು ತೆಗೆದುಕೊಳ್ಳುತ್ತದೆ. ಮಡಿಕೇರಿಯಲ್ಲಿ ಉಂಡದ್ದರ ಫಲ ಉಪ್ಪಳದ ಮನೆಯಲ್ಲಿ ಕಾಣಿಸಿಕೊಂಡು, ಚಿಕಿತ್ಸೆ ಮಂಗಳೂರಿನ ಆಸ್ಪತ್ರೆಯಲ್ಲಿ ನಡೆಯುವುದು ನಮ್ಮಲ್ಲಿ ತೀರ ಸಹಜ. ರೋಗಿ ಕೇರಳದವನು, ವೈದ್ಯರು ದಕ್ಷಿಣ ಕನ್ನಡದವರು, ಹೋಟೆಲು ಕೊಡಗಿನದು. ಒಂದೇ ಬಫೆಯಲ್ಲಿ ಉಂಡ ನಲ್ವತ್ತು ಪ್ರವಾಸಿಗರು ನಲ್ವತ್ತು ಊರುಗಳಿಗೆ ಚದುರಿ ಹೋದ ಮೇಲೆ ಪ್ರತಿಯೊಬ್ಬರ ಕಾಯಿಲೆಯೂ ಒಂಟಿ ಕಾಯಿಲೆಯಾಗಿಯೇ ಮುಗಿಯುತ್ತದೆ, ಆ ಹೋಟೆಲಿನ ಬಾಗಿಲಿಗೆ ಯಾರೂ ಹೋಗುವುದಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 35ನೇ ಸೆಕ್ಷನ್, ಅಧಿಸೂಚಿತ ಪ್ರದೇಶಗಳ ವೈದ್ಯರು ವಿಷಾಹಾರದ ಪ್ರಕರಣಗಳನ್ನು ನಿಗದಿತ ಅಧಿಕಾರಿಗೆ ತಿಳಿಸುವಂತೆ ಮಾಡುವ ಅಧಿಕಾರವನ್ನು ಪ್ರಾಧಿಕಾರಕ್ಕೆ ಕೊಟ್ಟಿದೆ. ರೋಗಿ ಒಂದು ರಾಜ್ಯದಲ್ಲಿ, ಅಡಿಗೆಮನೆ ಇನ್ನೊಂದು ರಾಜ್ಯದಲ್ಲಿ ಇರುವುದು ದಿನನಿತ್ಯದ ಮಾತಾಗಿರುವ ಗಡಿ ಜಿಲ್ಲೆಗಳಲ್ಲಿ ಈ ಮಾಹಿತಿ ಗಡಿ ದಾಟುವಂತೆ ಮಾಡುವುದು ಎರಡೂ ರಾಜ್ಯಗಳ ಇಲಾಖೆಗಳ ಮುಂದಿರುವ ಕೆಲಸ. 2020ರ ಮಾರ್ಚಿನಲ್ಲಿ ತಲಪಾಡಿಯ ರಸ್ತೆ ಮುಚ್ಚಿ ರೋಗಿಗಳ ವಾಹನಗಳೇ ನಿಂತುಹೋದ ನೆನಪಿರುವ ನಾವು, ಗಡಿಯ ಹೆಸರಿನಲ್ಲಿ ಆರೋಗ್ಯ ವ್ಯವಸ್ಥೆ ಕೈಚೆಲ್ಲುವುದನ್ನು ಮತ್ತೆ ಸುಮ್ಮನೆ ನೋಡಬಾರದು.

ಬಫೆಯನ್ನೇ ಬಿಡಬೇಕೆಂದು ನಾನು ಹೇಳುವುದಿಲ್ಲ. ಪಟ್ಟಿ ನೋಡಿ ತರಿಸಿಕೊಂಡ ಊಟವೂ ಬರುವುದು ಅದೇ ಅಡಿಗೆಮನೆಯಿಂದ, ಅದೇ ಕೈಗಳಿಂದ. ಬಫೆಯಲ್ಲಿ ಕೊನೆಗೂ ಕಣ್ಣಾರೆ ನೋಡಿ ಆರಿಸುವ ಅವಕಾಶವಾದರೂ ಉಂಟು. ತೆರೆದ ಅರ್ಧ ಗಂಟೆಯೊಳಗೆ ಹೋಗುವುದು, ಊದಿ ಕುಡಿಯಬೇಕಾದಷ್ಟು ಬಿಸಿ ಇಲ್ಲದ ಸಾರನ್ನೂ ಗಸಿಯನ್ನೂ ಬಿಡುವುದು, ಉರಿ ನಂದಿದ್ದರೆ ಸಿಬ್ಬಂದಿಯನ್ನು ಕರೆದು ತೋರಿಸುವುದು ಯಾರಿಗೂ ಸಾಧ್ಯ. ಸಣ್ಣ ಮಕ್ಕಳು, ಎಪ್ಪತ್ತು ದಾಟಿದವರು, ಬಸುರಿಯರು, ಮಧುಮೇಹ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಜೊತೆಗಿದ್ದರೆ ಅವರ ತಟ್ಟೆಯ ಮಟ್ಟಿಗೆ ಬಿಗಿಯಾಗಿರಬೇಕು, ಏಕೆಂದರೆ ನಮಗೆ ಒಂದು ದಿನದ ತೊಂದರೆಯಾಗುವುದು ಅವರಿಗೆ ಆಸ್ಪತ್ರೆಯ ವಾರವಾಗಬಹುದು. ಪ್ರಯಾಣದ ಚೀಲದಲ್ಲಿ ಓಆರ್‌ಎಸ್ ಪೊಟ್ಟಣಗಳಿರಲಿ. ಪೊಟ್ಟಣದ ಮೇಲೆ ಹೇಳಿದಷ್ಟೇ ಕುದಿಸಿ ಆರಿಸಿದ ನೀರಿನಲ್ಲಿ ಕಲಸಬೇಕು, ರುಚಿಗೆಂದು ಸಕ್ಕರೆ ಸೇರಿಸಬಾರದು. ಭೇದಿಯಲ್ಲಿ ರಕ್ತ ಕಂಡರೆ, ಜ್ವರ ಏರಿದರೆ, ಗಂಟೆಗಟ್ಟಲೆ ಮೂತ್ರ ಬಾರದಿದ್ದರೆ ಭೇದಿ ನಿಲ್ಲಿಸುವ ಮಾತ್ರೆಯನ್ನು ತಾವಾಗಿ ನುಂಗದೆ ವೈದ್ಯರಲ್ಲಿಗೆ ಹೋಗಬೇಕು.

ಆ ಮೇಲೆ ದೂರು. ನಾಚಿಕೆಯಿಂದಲೋ ಸಾಕಪ್ಪಾ ಎಂದೋ ಹೆಚ್ಚಿನವರು ದೂರು ಕೊಡುವುದೇ ಇಲ್ಲ, ಹಾಗಾಗಿ ಮರುದಿನವೂ ಅದೇ ಪಾತ್ರೆ ಅದೇ ಮೇಜಿಗೆ ಬರುತ್ತದೆ. ಹೋಟೆಲು ಯಾವ ರಾಜ್ಯದಲ್ಲಿದ್ದರೂ ಅದರ ಗೋಡೆಯ ಮೇಲೆ ತೂಗುಹಾಕಿರಬೇಕಾದ 14 ಅಂಕಿಗಳ ಪರವಾನಗಿ ಸಂಖ್ಯೆ ಬರೆದುಕೊಂಡಿದ್ದರೆ ಪ್ರಾಧಿಕಾರದ ಫುಡ್ ಸೇಫ್ಟಿ ಕನೆಕ್ಟ್ ವ್ಯವಸ್ಥೆಯಲ್ಲಿ ಮನೆಯಿಂದಲೇ ದೂರು ದಾಖಲಿಸಬಹುದು. ಅದು ಆಯಾ ರಾಜ್ಯದ ಅಧಿಕಾರಿಗೆ ಹೋಗುತ್ತದೆ. ಊಟ ಕೇರಳದ ಒಳಗೇ ಆಗಿದ್ದರೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ಕನ್ನಡದಲ್ಲಿಯೇ ಬರೆಯಿರಿ, ಸರ್ಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನು 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿಯ ಕನ್ನಡಿಗರಿಗೆ ಕೊಟ್ಟಿದೆ. ಅಸುರಕ್ಷಿತ ಆಹಾರದಿಂದ ಹಾನಿಯಾದದ್ದು ಸಾಬೀತಾದರೆ ಸಾವಿಗೆ ಕನಿಷ್ಠ 5 ಲಕ್ಷ ರೂಪಾಯಿ, ತೀವ್ರ ಹಾನಿಗೆ 3 ಲಕ್ಷದವರೆಗೆ, ಇತರ ಹಾನಿಗೆ 1 ಲಕ್ಷದವರೆಗೆ ಪರಿಹಾರವನ್ನು ಆಹಾರ ಕಾಯ್ದೆಯ 65ನೇ ಸೆಕ್ಷನ್ ಹೇಳುತ್ತದೆ. ಅದಕ್ಕೆ ಬೇಕಾಗುವುದು ಉಂಡ ದಿನ ಮತ್ತು ಗಂಟೆ, ತಿಂದ ತಿನಿಸುಗಳ ಹೆಸರು, ಜೊತೆಗೆ ಉಂಡವರಲ್ಲಿ ಯಾರಿಗೆ ಯಾವಾಗ ಏನಾಯಿತೆಂಬ ಟಿಪ್ಪಣಿ, ವೈದ್ಯರ ಚೀಟಿ, ಸಾಧ್ಯವಾದರೆ ಮಲಪರೀಕ್ಷೆಯ ವರದಿ, ಮತ್ತು ಬಿಲ್ಲು. ಬಾಡಿಗೆಯಲ್ಲೇ ಸೇರಿದ ಉಪಾಹಾರಕ್ಕೆ ಪ್ರತ್ಯೇಕ ಬಿಲ್ಲು ಸಿಗುವುದಿಲ್ಲವಾದ್ದರಿಂದ, ಕೋಣೆಯ ಬಿಲ್ಲಿನಲ್ಲಿ ಉಪಾಹಾರ ಸೇರಿದೆಯೆಂದು ಬರೆಸಿಕೊಂಡು ಎರಡು ತಿಂಗಳಾದರೂ ಜೋಪಾನವಾಗಿಡಬೇಕು. ಕಾಮಾಲೆ ಕಾಣಿಸಿಕೊಳ್ಳಲು ಅಷ್ಟು ಕಾಲ ಬೇಕಾಗಬಹುದು.